ಮೇಲಿನ ರೂಮಿನಲ್ಲಿದ್ದ ನಾರ್ವೆಯವಳು

ಹಳ್ಳಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳಿಗೆ ಇಂಥವು ತಪ್ಪುವುದಿಲ್ಲ. ಇಂಗ್ಲಿಷಿನ ಕಾಗದ ಬಂದರೂ, ಇಂಗ್ಲಿಷಿನ ಮನುಷ್ಯರು ಬಂದರೂ ನಮ್ಮ ಮನೆಗೇ ಕಳಿಸುತ್ತಾರೆ. ಹಾಗೆ ಬಂದವಳು ನಾರ್ವೆ ದೇಶದ ಒಬ್ಬ ಪ್ರವಾಸಿ ಹೆಂಗಸು. ರೇಷ್ಮೆ ಹುಳು ಸಾಕುವುದನ್ನು ನೋಡಬೇಕು ಅಂತ ವಕ್ಕಲೇರಿಗೆ ಬಂದು, ನಮ್ಮ ಮೇಲಿನ ರೂಮಿನಲ್ಲಿ ಒಂದು ತಿಂಗಳು ಇದ್ದಳು. ಹೋಗಿ ವರ್ಷವಾಯಿತು. ಆ ರೂಮನ್ನು ಇನ್ನೂ ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ಯಾಕೆ ಅಂತ ನಮ್ಮ ಯಜಮಾನರು ಕೇಳಿದರೆ, ಸುಣ್ಣ ಬಳಿಸಬೇಕು ಅಂತೀನಿ.

೧. ಇಲ್ಲದ ಗಂಡ

ಬಂದ ದಿನವೇ ಬೀದಿಯ ಹೆಂಗಸರೆಲ್ಲ ನಮ್ಮ ಹಜಾರದಲ್ಲಿ ಕೂತರು. "ಮದುವೆ ಆಗಿದೆಯಾ ಕೇಳಿ ಟೀಚರ್."

ಇಲ್ಲ ಅಂದಳು. ಅಯ್ಯೋ ಪಾಪ ಅಂತ ಎಲ್ಲರೂ ಅವಳ ಕೈ ಸವರಿದರು. ದಿನಕ್ಕೆ ಹತ್ತು ಸಲ ಇದೇ ಆಗಿ ಅವಳು ಬೇಸತ್ತಾಗ, "ಗಂಡ ಊರಲ್ಲಿದ್ದಾನೆ ಅಂದುಬಿಡು" ಅಂತ ನಾನೇ ಹೇಳಿಕೊಟ್ಟೆ. ಮೂರು ದಿನದಲ್ಲಿ ಆ ಗಂಡನಿಗೆ ಗಡ್ಡ ಬಂತು, ರೈಲ್ವೆಯಲ್ಲಿ ಕೆಲಸವೂ ಸಿಕ್ಕಿತು. ಒಂದು ದಿನ ಹಾಲಿನ ಡೇರಿ ಹತ್ತಿರ ಒಬ್ಬಾಕೆ, "ಒಂದು ತಿಂಗಳು ಆಯಪ್ಪನಿಗೆ ಅಡಿಗೆ ಯಾರು ಮಾಡ್ತಾರೆ?" ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ.

ನಮ್ಮ ನಾರ್ವೆಯವಳು ಕೆನ್ನೆ ಮೇಲೆ ಕೈ ಇಟ್ಟುಕೊಂಡಳು. "ಪಾಪ, ಅದನ್ನ ನಾನು ಯೋಚನೆಯೇ ಮಾಡಿರಲಿಲ್ಲ" ಅಂದಳು.

೨. ಅತ್ತೆಯ ಫೋಟೋ

ಕೋಲಾರದ ಬಸ್ ಸ್ಟ್ಯಾಂಡಿಗೆ ಹೋದರೆ ಸುತ್ತಲೂ ಮೊಬೈಲುಗಳು ಏಳುತ್ತಿದ್ದವು. ಕೇಳಿ ಫೋಟೋ ತೆಗೆಯುವವರು ಕೆಲವರು, ಕೇಳದವರೇ ಹೆಚ್ಚು. ಒಂದು ದಿನ ಒಬ್ಬ ಅವಳ ಹೆಗಲ ಮೇಲೆ ಕೈಯನ್ನೇ ಹಾಕಿಬಿಟ್ಟ. ಅವತ್ತು ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. "ಯಾರೂ ನೋಡದ ಹಾಗೆ ಒಂದು ದಿನ ರಸ್ತೆಯಲ್ಲಿ ನಡೀಬೇಕು, ಅಷ್ಟೇ" ಅಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ ನಮ್ಮ ಅತ್ತೆಯೂ ಜೊತೆಗೆ ಹೊರಟರು. ಇಬ್ಬರು ಯುವಕರು ಮೊಬೈಲು ಎತ್ತಿದ ಕೂಡಲೇ ಅತ್ತೆ ಅಡ್ಡ ಬಂದು, ಸೆರಗು ಸರಿಮಾಡಿಕೊಂಡು ನಿಂತರು.

"ತೆಗಿ ನಾಯನಾ. ಯಾವೂರು? ವೇಮಗಲ್ಲಾ? ಯಾರ ಮಗ?"

ಅವನು ಅಪ್ಪನ ಹೆಸರು ಹೇಳಿದ.

"ನಿಮ್ಮಮ್ಮ ನಂಗೆ ಚೆನ್ನಾಗಿ ಗೊತ್ತು. ಒಂದು ಪ್ರಿಂಟ್ ಹಾಕಿಸಿ ಅವಳ ಕೈಲಿ ಕೊಟ್ಟಿರು. ಬಂದು ಇಸ್ಕೋತೀನಿ."

ಇಬ್ಬರೂ ಎದುರಿಗಿದ್ದ ಬಸ್ಸು ಹತ್ತಿಬಿಟ್ಟರು. ಅದು ವೇಮಗಲ್ಲಿನ ಬಸ್ಸಲ್ಲ, ಎದುರು ದಿಕ್ಕಿನ ಮುಳಬಾಗಿಲಿಗೆ ಹೋಗುವ ಬಸ್ಸು.

೩. ಆ ಕಡೆ ನೋಡಿ

ಅವಳು ಊರಿಗೆ ಹೊರಟ ದಿನ ಮಾಲೂರಿನಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ನಾನೂ ಹೋದೆ. ಎದುರು ಸೀಟಿನವನೊಬ್ಬ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ. ಏನನ್ನಲಿ ಅಂತ ಕಿವಿಯಲ್ಲಿ ಕೇಳಿದಳು. "ಅಣ್ಣ, ಆ ಕಡೆ ನೋಡಿ" ಅಂತ ಹೇಳಿಕೊಟ್ಟೆ. ಕಿಟಕಿಯ ಕಡೆ ಬೆರಳು ತೋರಿಸಿ ಗಟ್ಟಿಯಾಗಿ ಅಂದಳು.

ಅವನು ತಿರುಗಿದ. ಅವನ ಪಕ್ಕದವರು ತಿರುಗಿದರು. ಇಡೀ ಬೋಗಿ ಎದ್ದು ಕಿಟಕಿಗೆ ಮುಗಿಬಿತ್ತು. ಆಚೆ ಒಂದು ಇಟ್ಟಿಗೆ ಗೂಡು ಬಿಟ್ಟು ಏನೂ ಇರಲಿಲ್ಲ. ಅವಳು ನಕ್ಕು ನಕ್ಕು, ನಗುತ್ತಲೇ ಅಳತೊಡಗಿದಳು. ಆಮೇಲೆ ನನ್ನ ಕೈ ಬಿಡಲಿಲ್ಲ.

ಇಳಿಯುವಾಗ ಆ ಅಣ್ಣ ನನ್ನ ಹತ್ತಿರ ಬಂದು ಕೇಳಿದ: "ಅಲ್ಲಿ ಏನಿತ್ತು ಮೇಡಂ?"

೪. ಎದುರುಮನೆಯ ಅಜ್ಜಿ

ಹೋದ ತಿಂಗಳು ವಿಡಿಯೋ ಕಾಲ್ ಮಾಡಿದ್ದಳು. ಕಿಟಕಿಯಾಚೆ ಬರೀ ಹಿಮ. ದಾರಿಯಲ್ಲಿ ಸಿಕ್ಕವರೆಲ್ಲ "ಊಟ ಆಯ್ತಾ" ಅಂತ ಕೇಳುತ್ತಿದ್ದದ್ದು ಅವಳಿಗೆ ಬಹಳ ನೆನಪಾಗುತ್ತದಂತೆ. ಒಂದು ಸಂಜೆ ಆಸೆ ತಡೆಯದೆ, ಮೆಟ್ಟಿಲ ಮೇಲೆ ಸಿಕ್ಕ ಎದುರುಮನೆಯ ಅಜ್ಜಿಯನ್ನು ತನ್ನ ಭಾಷೆಯಲ್ಲಿ ಹಾಗೇ ಕೇಳಿದಳು. ಹನ್ನೊಂದು ವರ್ಷ ಎದುರುಬದುರು ಇದ್ದರೂ ತಲೆ ಆಡಿಸುವುದು ಬಿಟ್ಟು ಮಾತಿರಲಿಲ್ಲ. ಅಜ್ಜಿ "ಇಲ್ಲ" ಅಂದು ಒಳಗೆ ಹೋದರು.

ಹತ್ತು ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದು. ಅಜ್ಜಿ ಒಳ್ಳೆಯ ಕೋಟು ಹಾಕಿಕೊಂಡು, ಒಂದು ಹೂಕುಂಡ ಹಿಡಿದು ನಿಂತಿದ್ದಾರೆ. ಊಟಕ್ಕೆ ಕರೆದಳು ಅಂದುಕೊಂಡಿದ್ದರು. ಮನೆಯಲ್ಲಿದ್ದದ್ದು ಒಂದೇ ಸೂಪಿನ ಪೊಟ್ಟಣ. ಅದನ್ನೇ ಕಾಯಿಸಿ ಇಬ್ಬರಿಗೂ ಬಡಿಸಿದಳು.

ಅಜ್ಜಿ ಎರಡು ಚಮಚ ಕುಡಿದು ಕಣ್ಣೊರೆಸಿಕೊಂಡರಂತೆ. "ನೀನು ಯಾವತ್ತು ಕರೀತೀಯ ಅಂತ ಹನ್ನೊಂದು ವರ್ಷದಿಂದ ಕಾಯ್ತಿದ್ದೆ" ಅಂದರು.

ಆಮೇಲೆ ಮೂರನೇ ಚಮಚ ಕುಡಿದು, "ಉಪ್ಪು ಕಮ್ಮಿ" ಅಂದರಂತೆ.