ಎಡಕ್ಕೇ ಎಳೆಯುವ ಜೀಪು

ಭಾನುವಾರದ ಕಾಫಿ ಇನ್ನೂ ಗಂಟಲಿಳಿದಿರಲಿಲ್ಲ, ಮಾವನವರ ಫೋನು ಬಂತು.

"ಅಳಿಯಂದ್ರೇ, ಸಾಯಂಕಾಲ ಬರ್ತೀನಿ. ಜೀಪ್ ನೋಡಿ ಬಹಳ ದಿನ ಆಯ್ತು. ನಾನೇ ಕೂತು ಒಂದು ರೌಂಡ್ ಹೊಡೀಬೇಕು. ಕೊಟ್ಟಾಗ ಹೇಗಿತ್ತೋ ಹಾಗೇ ಇದ್ರೆ ಅದು ನಿಮ್ಮದೇ. ಕೆಡಿಸಿಟ್ಟಿದ್ರೆ ಮಾತ್ರ ಬೇಜಾರು ಮಾಡ್ಕೋಬೇಡಿ, ಚಿಕ್ಕಳಿಯಂದ್ರು ಕೇಳ್ತಾನೇ ಇದ್ದಾರೆ."

ಡ್ರಾಯಿಂಗ್ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಕಿಟಕಿಯಿಂದ ಅಂಗಳದ ಜೀಪಿನತ್ತ ನೋಡಿದರು.

ಮಾವನವರು ಕಲ್ಲುಕ್ವಾರಿ ನಡೆಸುತ್ತಿದ್ದವರು. ಅಲ್ಲಿನ ಹಳ್ಳದಿಣ್ಣೆಗಳಲ್ಲಿ ಆಯುಷ್ಯ ಸವೆಸಿದ ಫೋರ್‌ವೀಲ್ ಜೀಪನ್ನು ಕ್ವಾರಿ ಮುಚ್ಚಿದ ಮೇಲೆ ತಾವೇ ಓಡಿಸಿಕೊಂಡು ಬಂದು, ದಾರ ಹಿಡಿದಷ್ಟು ನೇರವಾಗಿ ಅಂಗಳದಲ್ಲಿ ನಿಲ್ಲಿಸಿ, ಹಿರಿಯಳಿಯನ ಕೈಗೆ ಕೀಲಿಕೈ ಕೊಟ್ಟಿದ್ದರು. ಮರುದಿನ ಮೇಷ್ಟ್ರು ಉತ್ಸಾಹದಿಂದ ಹತ್ತಿದವರು ಮೊದಲ ತಿರುವಿನಲ್ಲೇ ಚರಂಡಿಗೆ ಇಳಿಸಿದರು. ಆಮೇಲೆ ನೋಡಿದರೆ ಗಾಡಿ ಎಡಕ್ಕೇ ಎಳೆಯುತ್ತಿತ್ತು. ಸ್ಟಿಯರಿಂಗನ್ನು ಕಾಲು ಸುತ್ತು ತಿರುಗಿಸಿದರೂ ಚಕ್ರಗಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಚರಂಡಿಗೆ ಇಳಿಸಿ ತಾನೇ ಕೆಡಿಸಿದೆನೆಂದು ಮೇಷ್ಟ್ರು ತೀರ್ಮಾನಿಸಿ, ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಆದರೂ ಆ ಜೀಪೆಂದರೆ ಅವರಿಗೆ ಪ್ರಾಣ. ಅದು ಬರುವ ಮುಂಚೆ ಅವರನ್ನು ಬೀದಿಯಲ್ಲಿ ನಾಯಿಯೂ ಕತ್ತೆತ್ತಿ ನೋಡುತ್ತಿರಲಿಲ್ಲ. ಈಗ ಶಾಲೆಗೆ ಶಾಲೆಯೇ "ಜೀಪ್ ಮೇಷ್ಟ್ರು" ಅನ್ನುತ್ತಿತ್ತು. ರಜೆ ಬಂದರೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿ, ಬಣ್ಣದ ಡಬ್ಬಿ ಬಿಚ್ಚುವ ಸುಖವೇ ಬೇರೆ. ಇದೆಲ್ಲ ಷಡ್ಡಕನ ಪಾಲಾಗುವುದೆಂದರೇನು!

"ಅಪ್ಪನ ಹತ್ರ ನಿಜ ಹೇಳಿಬಿಡಿ ಅಂತ ಆವತ್ತೇ ಹೇಳ್ದೆ," ಎಂದಳು ಹೆಂಡತಿ.

"ನಿಮ್ಮಪ್ಪನ ಹತ್ರ ನಿಜ ಹೇಳೋದೂ ಒಂದೇ, ಕ್ವಾರಿ ಮದ್ದಿಗೆ ಕಡ್ಡಿ ಗೀರೋದೂ ಒಂದೇ ಕಣೇ," ಎನ್ನುತ್ತಾ ಮೇಷ್ಟ್ರು ಅಂಗಳಕ್ಕಿಳಿದು ಬಾನೆಟ್ ಎತ್ತಿದರು.

ಬಾನೆಟ್ ಎತ್ತಿದ್ದೇ ತಪ್ಪು. ಎತ್ತಿದ ಬಾನೆಟ್ಟಿನ ಮುಂದೆ ಬಂದು ನಿಲ್ಲದ ಗಂಡಸು ಇನ್ನೂ ಹುಟ್ಟಿಲ್ಲ. ಎದುರುಮನೆಯ ಕಲ್ಲುಬೆಂಚಿನಿಂದ ನಿವೃತ್ತ ಬಸ್ ಕಂಡಕ್ಟರ್ ಎದ್ದು ಬಂದೇಬಿಟ್ಟರು.

"ನನ್ನ ಸರ್ವೀಸೆಲ್ಲ ಗಾಡಿ ಮೇಲೇ ಕಳೆದಿದ್ದೀನಿ ಮೇಷ್ಟ್ರೇ, ನನಗೆ ಹೇಳ್ಬೇಡಿ. ಇದು ಗಾಳಿ ಕಡಿಮೆ ಆಗಿರೋದು," ಎಂದರು. ಆ ಸರ್ವೀಸಿನಲ್ಲಿ ಅವರು ಒಮ್ಮೆಯೂ ಸ್ಟಿಯರಿಂಗ್ ಮುಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಎಡಗಡೆಯ ಟೈರಿಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೂ ಹೊಡೆದೂ ಮೇಷ್ಟ್ರ ರಟ್ಟೆ ಬಿದ್ದುಹೋಯಿತು. ಪರೀಕ್ಷೆಗೆಂದು ಹೊರಟಾಗ ಕಂಡಕ್ಟರ್ ಹಿಂದೆ ಜೋತುಬಿದ್ದು "ರೈಟ್! ರೈಟ್!" ಎಂದು ಕೂಗಿದರು. ಜೀಪು ಲೆಫ್ಟಿಗೆ ಹೋಗಿ, ದರ್ಜಿಯ ಅಂಗಡಿ ಮುಂದೆ ಹಗ್ಗಕ್ಕೆ ನೇತುಹಾಕಿದ್ದ ಪ್ಯಾಂಟುಗಳನ್ನು ಬಾಚಿಕೊಂಡು ನಿಂತಿತು.

"ಅಳತೆ ಕೊಡೋಕೆ ಜೀಪನ್ನೇ ಕರ್ಕೊಂಡು ಬರ್ಬೇಕಿತ್ತಾ ಮೇಷ್ಟ್ರೇ?" ದರ್ಜಿ ಹೊರಗೆ ಬಂದ. ಬಂದವನು ಸುಮ್ಮನಿರಬೇಕಲ್ಲ; ಕತ್ತಿನ ಟೇಪು ತೆಗೆದು ಮುಂದಿನ ಎರಡು ಟೈರುಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ಅಳೆದ. "ಮುಂದೆ ಬಿಗಿ, ಹಿಂದೆ ಲೂಸು. ಚಕ್ರ ಒಳಗಡೆ ತಿರುಗಿದೆ. ಅದಕ್ಕೇ ಟೈರು ಒಂದೇ ಕಡೆ ಸವೆದಿದೆ ನೋಡಿ. ಸ್ವಲ್ಪ ಬಿಚ್ಚಿ ಬಿಟ್ರೆ ಸರಿಹೋಗತ್ತೆ."

ಹೇಳಿದ್ದು ಸರಿಯೇ ಇತ್ತು. ಆದರೆ ದರ್ಜಿಯಲ್ಲವೇ, ಸ್ಪ್ಯಾನರ್ ಹಿಡಿದು ಚಕ್ರಗಳ ನಡುವಿನ ರಾಡು ಬಿಚ್ಚುವಾಗ ಒಂದಿಷ್ಟು ಧಾರಾಳವಾಗಿ ಬಿಟ್ಟ. ಚಕ್ರಗಳೆರಡೂ ಜಗಳವಾಡಿದ ಗಂಡಹೆಂಡಿರ ಹಾಗೆ ಒಂದು ಅತ್ತ, ಒಂದು ಇತ್ತ ಮುಖ ತಿರುಗಿಸಿ ಕುಳಿತವು.

ಮೇಷ್ಟ್ರಿಗೆ ಅಳುವೇ ಬಂತು. ಕೊನೆಗೆ ಹೆಂಡತಿಯೇ ಸ್ಕೂಟರ್ ತೆಗೆದುಕೊಂಡು ಹೋಗಿ, ಮೂಲೆ ಗ್ಯಾರೇಜಿನ ಗ್ರೀಸಣ್ಣನನ್ನು ಊಟದ ತಟ್ಟೆಯಿಂದ ಎಬ್ಬಿಸಿಕೊಂಡು ಬಂದಳು.

ಗ್ರೀಸಣ್ಣ ಜೀಪಿನಡಿ ನುಸುಳಿ, "ಅಕ್ಕಾ, ಮೇಲೆ ಕೂತು ಸ್ಟಿಯರಿಂಗ್ ಆ ಕಡೆ ಈ ಕಡೆ ಅಲ್ಲಾಡಿಸ್ತಾ ಇರಿ," ಎಂದ. ಅವಳು ಅಲ್ಲಾಡಿಸಿದಳು. "ಸಿಕ್ತು ಕಳ್ಳ! ರಾಡಿನ ತುದಿ ಜಾಯಿಂಟ್‌ಗಳು ಹಲ್ಲು ಉದುರೋ ಹಾಗೆ ಅಲ್ಲಾಡ್ತಿವೆ. ಮೇಷ್ಟ್ರೇ, ಇದು ಇವತ್ತು ನಿನ್ನೆ ಸವೆದಿದ್ದಲ್ಲ..."

"ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ," ಎಂದು ಕಂಡಕ್ಟರ್ ನಡುವೆ ಬಾಯಿ ಹಾಕಿದ್ದರಿಂದ ಆ ಮಾತು ಅಲ್ಲಿಗೇ ಮುಳುಗಿತು.

ಗ್ಯಾರೇಜಿನಿಂದ ಹೊಸ ಜಾಯಿಂಟ್‌ಗಳು ಬಂದವು. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು ಹಿಡಿದು ಗ್ರೀಸಣ್ಣ ಚಕ್ರಗಳನ್ನು ನೇರಕ್ಕೆ ತಂದ. ಹೊತ್ತಿಳಿಯುವಷ್ಟರಲ್ಲಿ ಮೇಷ್ಟ್ರು ಒಂದು ಸುತ್ತು ಹೋಗಿ ಬಂದರು. ಬೆರಳಿನಿಂದ ಮುಟ್ಟಿದರೆ ಸಾಕು, ಗಾಡಿ ಮಾತು ಕೇಳುತ್ತಿತ್ತು. ಕೈ ಬಿಟ್ಟರೂ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಓಡುತ್ತಿತ್ತು. ಗ್ರೀಸಣ್ಣನ ಮಸಿ ಕೈಯನ್ನು ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು.

ಮಾವನವರು ಬಂದರು, ಚಹಾ ಕುಡಿದರು, ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹತ್ತಿ ಕುಳಿತರು. ಮೇಷ್ಟ್ರು ಪಕ್ಕದಲ್ಲಿ ಮೀಸೆಯಡಿ ನಗುತ್ತಾ ಕುಳಿತರು. ಬೀದಿಗೆ ಬಿದ್ದೊಡನೆ ಮಾವನವರ ಕೈಗಳು, ತಮಗೆ ತಾವೇ ಎಂಬಂತೆ, ಸ್ಟಿಯರಿಂಗನ್ನು ಕಾಲು ಸುತ್ತು ಬಲಕ್ಕೆಳೆದು ಗಟ್ಟಿಯಾಗಿ ಹಿಡಿದವು.

ಜೀಪು ಈಗ ಮಾತು ಕೇಳುವ ಜೀಪು. ಬಲಕ್ಕೆ ಅಂದದ್ದೇ ತಡ, ಬಲಕ್ಕೆ ಹೊರಟೇಬಿಟ್ಟಿತು.

"ಅಯ್ಯಯ್ಯೋ! ಏನಾಗಿದೆ ಇದಕ್ಕೆ!"

ಕಲ್ಲುಬೆಂಚಿನ ಮೇಲಿಂದ "ರೈಟ್! ರೈಟ್!" ಎಂದು ಹುರಿದುಂಬಿಸುತ್ತಿದ್ದ ಕಂಡಕ್ಟರ್, ರೈಟಿಗೇ ಬರುತ್ತಿದೆ ಎಂದು ಗೊತ್ತಾದೊಡನೆ ಪಂಚೆ ಎತ್ತಿ ಹಾರಿದರು. ಧಡಾರ್! ಮುಂದಿನ ಚಕ್ರ ಬೆಂಚಿಗೆ ಬಡಿದು ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮಾವನವರ ಮುಖ ಕೆಂಡವಾಯಿತು. "ಮುಟ್ಟಿದ್ರೆ ಸಾಕು, ಓಡಿಹೋಗತ್ತೆ! ಸ್ಟಿಯರಿಂಗಲ್ಲಿ ಒಂಚೂರೂ ಪ್ಲೇ ಇಲ್ಲ, ಸಡಿಲಾನೇ ಇಲ್ಲ! ಕ್ವಾರಿಗೆ ತಂದ ದಿನದಿಂದ ಬಲಕ್ಕೆಳೆದು ಹಿಡಿದ್ರೆ ಬಾಣದ ಹಾಗೆ ಹೋಗ್ತಿತ್ತಲ್ರೀ. ಎಂಥಾ ಗಾಡೀನ ಹಾಳು ಮಾಡಿದ್ರಿ! ಆಯ್ತು ಬಿಡಿ, ಇಳೀರಿ. ಈಗಲೇ ಚಿಕ್ಕಳಿಯಂದ್ರ ಮನೆಗೆ ತಗೊಂಡು ಹೋಗಿ ಕೊಟ್ಟುಬಿಡ್ತೀನಿ."

ಮೇಷ್ಟ್ರು ಇಳಿದರು. ಹಾಗಾದರೆ ಚರಂಡಿಯದ್ದೂ ತಪ್ಪಲ್ಲ, ತನ್ನದೂ ತಪ್ಪಲ್ಲ! ಗೊತ್ತಾಗಿ ಏನು ಬಂತು ಭಾಗ್ಯ, ಜೀಪು ಕೈ ತಪ್ಪಿತ್ತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಾವನವರು ಹಿಂದಕ್ಕೆ ತೆಗೆದರು. ಅಡಿಯಲ್ಲೆಲ್ಲೋ ಗಡಗಡ ಸದ್ದಾಯಿತು. ಬಲಕ್ಕೆಳೆದು ಹಿಡಿದು ಹೊರಟರು. ಜೀಪು ಬೀದಿಯ ತುದಿಯವರೆಗೂ ನೇರ ಹೋಯಿತು, ತಿರುಗಿತು, ಅಷ್ಟೇ ನೇರವಾಗಿ ವಾಪಸ್ಸು ಬಂತು. ಇಳಿಯುವಾಗ ಮಾವನವರ ಮುಖ ಅರಳಿತ್ತು.

"ಕಲ್ಲಿಗೆ ತಗುಲಿದ್ದೇ ಒಳ್ಳೇದಾಯ್ತು ನೋಡಿ, ಸರಿಹೋಯ್ತು! ಈಗ ಇದು ನನ್ನ ಹಳೇ ಗಾಡಿ. ನಿಮ್ಮಲ್ಲೇ ಇರಲಿ ಅಳಿಯಂದ್ರೇ. ಆದ್ರೆ ಇನ್ಮೇಲೆ ಯಾರೂ ಇದಕ್ಕೆ ಸ್ಪ್ಯಾನರ್ ತಾಗಿಸಕೂಡದು. ಪ್ರತಿ ಭಾನುವಾರ ಬಂದು ಓಡಿಸಿ ನೋಡ್ತೀನಿ!"

ಅಲ್ಲೇ ಉಳಿದಿದ್ದ ಗ್ರೀಸಣ್ಣ ಜೀಪಿನಡಿ ಬಗ್ಗಿ ನೋಡಿ, "ರಾಡು ಸೊಟ್ಟಗಾಗಿದೆ, ಜಾಯಿಂಟೂ ಹೋಯ್ತು. ಬಿಚ್ಚಲಾ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದ.

"ನಿನ್ನ ದಮ್ಮಯ್ಯ, ಮುಟ್ಟಬೇಡ!"

ಮೇಷ್ಟ್ರು ಖುಷಿಯಾಗಿಯೇ ಜೀಪು ಹತ್ತಿದರು. ಹೆಂಡತಿ ಪಕ್ಕದಲ್ಲಿ ಕುಳಿತು, "ರೀ, ಅಪ್ಪನ ಹಾಗೆ ಬಲಕ್ಕೆಳೆದು ಹಿಡೀರಿ," ಎಂದಳು. ಕಂಡಕ್ಟರ್ ಈ ಸಲ ಬಾಗಿಲ ಹಿಂದೆ ನಿಂತೇ "ರೈಟ್! ರೈಟ್!" ಎಂದರು.

ಎಡಗಡೆ ದರ್ಜಿ, ಯಾರೂ ಹೇಳದೆಯೇ, ಹಗ್ಗದ ಮೇಲಿನ ಪ್ಯಾಂಟುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಳ್ಳತೊಡಗಿದ.