ಘಾಟಿಗೆ ತಡೆಯುವ ಗಾಡಿ

ವಿಜಾಪುರದ ಅಕ್ಕನಿಗೆ ಜನ್ಮದಲ್ಲಿ ಮರೆಯದಂಥ ಬೆಟ್ಟ ತೋರಿಸದಿದ್ದರೆ ತನ್ನ ಹೆಸರು ಗೋದೂಬಾಯಿಯೇ ಅಲ್ಲ ಎಂದು ಹಾವೇರಿಯ ಗೋದೂಬಾಯಿ ಒಗ್ಗರಣೆಯ ಸೌಟು ಹಿಡಿದೇ ಶಪಥ ಮಾಡಿದಳು. ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಅಕ್ಕ ಕಾಶೀಬಾಯಿ ಇವಳನ್ನು ಗೋಳಗುಮ್ಮಟಕ್ಕೆ ಕರೆದೊಯ್ದು, ಅದನ್ನು ತಾನೇ ಮುಂದೆ ನಿಂತು ಕಟ್ಟಿಸಿದವಳಂತೆ ತೋರಿಸಿದ್ದಳು. ಕೊನೆಗೆ, "ನಿಮ್ಮ ಹಾವೇರಿಯೊಳಗ ಏನದ ನೋಡ್ಲಿಕ್ಕೆ? ಒಂದು ಬಸ್‌ಸ್ಟ್ಯಾಂಡು" ಎಂದಿದ್ದಳು. ಆ ಬಸ್‌ಸ್ಟ್ಯಾಂಡು ಇಷ್ಟು ವರ್ಷ ಗೋದೂಬಾಯಿಯ ಎದೆಯೊಳಗೇ ನಿಂತಿತ್ತು.

ಈಗ ಅಕ್ಕ, ಭಾವ ಅಣ್ಣಾಜಿಯವರೊಡನೆ ಮೊದಲ ಸಲ ಬರುವವಳಿದ್ದಳು. ಇಬ್ಬರೂ ಬಯಲುಸೀಮೆ ದಾಟಿದವರಲ್ಲ. ಹಾನಗಲ್ಲು, ಶಿರಸಿ, ಅಲ್ಲಿಂದ ದೇವಿಮನೆ ಘಾಟ್! ಎಲ್ಲಿ ಚಹಾ ಕುಡಿಯಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು, ಯಾವ ತಿರುವಿನಲ್ಲಿ ಅಕ್ಕ ಮಾತು ಮರೆತು ನಿಲ್ಲಬೇಕು, ಎಲ್ಲವೂ ಗೋದೂಬಾಯಿಯ ತಲೆಯಲ್ಲಿ ಸಿದ್ಧವಾಗಿತ್ತು.

ಗಾಡಿಯದೊಂದೇ ಬಾಕಿ. ನೆರೆಮನೆಯವರ ಕಾರು ಅದೇ ಏರಿನಲ್ಲಿ ಹೊಗೆಯುಗುಳಿ ಕೂತ ಕತೆಯನ್ನು ಆಕೆ ಕೇಳಿದ್ದಳು. ಆದ್ದರಿಂದ ಬ್ಯಾಡಗಿಯ ಕಚೇರಿಗೆ ದಿನವೂ ಹೋಗಿಬರುವ ಗಂಡ ರಘೋತ್ತಮನಿಗೆ ಬಾಯಿಪಾಠ ಮಾಡಿಸಿ ಕಳಿಸಿದಳು.

"ಘಾಟಿಗೆ ತಡಿಯೋ ಗಾಡಿ ಬೇಕು, ಅಷ್ಟ ಅನ್ರಿ. ಒಂದಕ್ಷರ ಆಚೀಚೆ ಆಗಬಾರದು."

ರಘೋತ್ತಮ ಆಚೀಚೆ ಮಾಡುವ ಮನುಷ್ಯನಲ್ಲ. ಮೆಣಸಿನಕಾಯಿ ಸುಗ್ಗಿಯ ದಿನ, ಬ್ಯಾಡಗಿಯ ಪೇಟೆಯಲ್ಲಿ ಕೆಂಪು ರಾಶಿಗಳ ನಡುವೆ ನಿಂತು, ಬಾಡಿಗೆ ಗಾಡಿಯ ಮೆಹಬೂಬನಿಗೆ ಅಷ್ಟನ್ನೇ ಹೇಳಿ ಬಂದ.

ಅಕ್ಕ, ಭಾವ ಬಂದಿಳಿದ ಮರುದಿನ ಬೆಳಗ್ಗೆ, ಗೊತ್ತು ಮಾಡಿದಂತೆ, ಮೆಹಬೂಬನ ಮ್ಯಾಟಡಾರ್ ಬಾಗಿಲಿಗೆ ಬಂತು. ಚೀಲ ಎಷ್ಟವ ಎಂದು ಅವನು ಕೇಳಿದ. ರಘೋತ್ತಮ ಬುತ್ತಿಯ ಚೀಲಗಳೆರಡನ್ನು ಎತ್ತಿ ತೋರಿಸಿದ. ಇಷ್ಟಕ್ಕೆ ಇಷ್ಟು ದೊಡ್ಡ ಗಾಡಿಯೇ ಎಂಬಂತೆ ಮೆಹಬೂಬ ನೋಡಿದನಾದರೂ, ಮಡಚಿಟ್ಟಿದ್ದ ಸೀಟುಗಳನ್ನು ಬಿಡಿಸಿ ಎಲ್ಲರನ್ನೂ ಕೂಡಿಸಿದ.

ಊರು ದಾಟಿ ಗಾಡಿ ವೇಗ ಹಿಡಿದದ್ದೇ ತಡ, ಸೀಟಿನಡಿಯಿಂದ ಸಣ್ಣ ಕೆಂಪು ದೂಳು ಎದ್ದಿತು. ಅಣ್ಣಾಜಿಯವರು ಸೀನಿದರು. ಅಕ್ಕ ಸೀನಿದಳು. ರಘೋತ್ತಮ ಇಬ್ಬರದೂ ಮುಗಿಯಲೆಂದು ಕಾದು ಸೀನಿದ. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತಿತ್ತು, ತೆರೆದರೆ ದೂಳು ಕುಣಿಯುತ್ತಿತ್ತು.

"ಏನಪಾ ಮೆಹಬೂಬ ಇದು?" ಎಂದು ಗೋದೂಬಾಯಿ ಸೆರಗಿನೊಳಗಿಂದ ಕೇಳಿದಳು.

"ಮೆಣಸಿನಕಾಯಿರಿ ಬಾಯಾರ. ನಿನ್ನಿ ಸಂಜಿತನಾ ಅದನ್ನ ಹೇರೇನಿ. ಸಾಹೇಬ್ರು ಘಾಟಿಗೆ ತಡಿಯೋ ಗಾಡಿ ಬೇಕಂದ್ರಲ್ರಿ. ಇಡೀ ಬ್ಯಾಡಗ್ಯಾಗ ಇದರಷ್ಟು ಘಾಟು ತಡದಿದ್ದು ಇನ್ನೊಂದು ಗಾಡಿ ಇಲ್ಲ ಬಿಡ್ರಿ."

ಗೋದೂಬಾಯಿ ಗಂಡನ ಕಡೆ ತಿರುಗಿದಳು.

"ನೀ ಹೇಳಿದ್ದ ಹೇಳೇನಿ" ಎಂದ ರಘೋತ್ತಮ, ಸೀನುಗಳ ನಡುವಿನ ಬಿಡುವಿನಲ್ಲಿ. "ಒಂದಕ್ಷರ ಆಚೀಚೆ ಆಗಿಲ್ಲ."

ತಿರುಗಿಬಿಡೋಣವೆಂದು ಅಣ್ಣಾಜಿಯವರು ಸನ್ನೆ ಮಾಡಿದರು. ತಿರುಗಿದರೆ ಅಕ್ಕನ ಬಾಯಲ್ಲಿ ಮತ್ತದೇ ಬಸ್‌ಸ್ಟ್ಯಾಂಡು. ಗೋದೂಬಾಯಿ ಹಲ್ಲು ಕಚ್ಚಿ ಮುಂದೆ ನಡಿ ಎಂದಳು. ಶಿರಸಿಯಲ್ಲಿ ಇಳಿದು ಮುಖ ತೊಳೆದರು. ಸೀಟು ಒರೆಸಿದ ಕೈಯಿಂದಲೇ ತೊಳೆದದ್ದರಿಂದ ಉರಿ ಇಮ್ಮಡಿಯಾಯಿತು.

ಕೊನೆಗೂ ಆ ತಿರುವು ಬಂತು. ಹಸಿರಿನ ಹಿಂದೆ ಹಸಿರು, ಅದರಾಚೆ ನೀಲಿ, ಕಣಿವೆಯ ತುಂಬ ಸದ್ದಿಲ್ಲದ ಬೆಳಕು. ಅಂಚಿನಲ್ಲಿ ಸಾಲಾಗಿ ನಿಂತ ನಾಲ್ವರೂ ಕಣ್ಣಿಗೆ ಬಟ್ಟೆ ಒತ್ತಿಕೊಂಡಿದ್ದರು. ಅಣ್ಣಾಜಿಯವರ ಕ್ಯಾಮೆರಾದಲ್ಲಿ ಮೆಹಬೂಬ ಫೋಟೋ ತೆಗೆದ. ಆಮೇಲೆ ಅದನ್ನು ನೋಡಿದವರೆಲ್ಲ, ಪಾಪ, ಯಾರು ಹೋದದ್ದು ಎಂದೇ ಕೇಳಿದರು.

"ಎಷ್ಟು ಛಂದ ಐತ್ರಿ ಬಾಯಾರ" ಎಂದ ಮೆಹಬೂಬ. ಘಾಟ್ ನೋಡಿದವನು ಅವನೊಬ್ಬನೇ.

ಮರುದಿನ ಅಕ್ಕನನ್ನು ಬಸ್ಸಿಗೆ ಕೂಡಿಸಿದ ಗೋದೂಬಾಯಿ ತಲೆ ತಗ್ಗಿಸಿಯೇ ಬುತ್ತಿಯ ಚೀಲವನ್ನು ಕಿಟಕಿಯಿಂದ ಕೊಟ್ಟಳು. ಕಾಶೀಬಾಯಿ ಕಿಟಕಿಯಿಂದ ಅತ್ತಿತ್ತ ನಿಧಾನವಾಗಿ ನೋಡಿ, ತಂಗಿಯ ಕೈ ಹಿಡಿದುಕೊಂಡಳು.

"ನೀ ಏನೂ ಮನಸಿಗೆ ಹಚ್ಕೋಬ್ಯಾಡ ಗೋದೂ. ಘಾಟ್ ಅಂತೂ ಕಣ್ಣು ತುಂಬಿಸಿಬಿಡ್ತು. ಆದರ ಖರೇ ಹೇಳ್ಲೇನು? ನಾ ಕಣ್ಣು ಬಿಟ್ಟು ನೋಡಿದ್ದಂದ್ರ ಇದೊಂದ. ಭಾಳ ಛಲೋ ಅದ, ನಿಮ್ಮ ಬಸ್‌ಸ್ಟ್ಯಾಂಡು."