ಪಾರ್ಟಿಗೆ ಹಿಡಿಸುವ ಮನೆ

ಟಕ್, ಟಕ್, ಟಕ್. ಆ ವರ್ಷ ಅಹಮದಾಬಾದಿನ ಭಾನುವಾರಗಳ ಸದ್ದೇ ಅದು. ಭೂಕಂಪವಾಗಿ ಕೆಲವು ತಿಂಗಳುಗಳಾಗಿದ್ದವು. ಮನೆ ನೋಡಲು ಹೊರಟ ಗಂಡಸರೆಲ್ಲ ಕಂಡಕಂಡವರ ಗೋಡೆ, ಕಂಬಗಳನ್ನು ಬೆರಳಗೆಣ್ಣಿನಿಂದ ಬಡಿದು, ತಲೆ ಓರೆ ಮಾಡಿ, ಡಾಕ್ಟರು ಎದೆ ಪರೀಕ್ಷೆ ಮಾಡಿದಂತೆ ಕೇಳಿಸಿಕೊಳ್ಳುತ್ತಿದ್ದರು. ನಮ್ಮವರೂ ಬಡಿಯುತ್ತಿದ್ದರು. ಜೀವಮಾನವೆಲ್ಲ ಸರ್ಕಾರಿ ಸಂಶೋಧನಾಲಯದಲ್ಲಿ, ಕೂದಲೆಳೆಗಿಂತ ಸಣ್ಣದನ್ನು ಅಳೆಯುವ ಉಪಕರಣಗಳ ನಡುವೆ ಕಳೆದ ಮನುಷ್ಯ, ಸ್ವಂತ ಮನೆಯ ವಿಷಯ ಬಂದಾಗ ನಂಬಿದ್ದು ತಮ್ಮ ಬಲಗೈಯ ನಡುಬೆರಳನ್ನು. "ಏನು ಗೊತ್ತಾಯ್ತು ರೀ?" ಎಂದು ಕೇಳಿದರೆ "ಸಾಲಿಡ್" ಅನ್ನುತ್ತಿದ್ದರು. ಎಲ್ಲ ಮನೆಯಲ್ಲೂ ಅದೇ ಉತ್ತರ. ಸಾಲಿಡ್ ಅಲ್ಲದ ಗೋಡೆ ಬಡಿದರೆ ಹೇಗೆ ಕೇಳಿಸುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ ಎಂದು ನನ್ನ ಗುಮಾನಿ.

ಮೊದಲ ಸ್ವಂತ ಮನೆಯನ್ನು ವಯಸ್ಸಿನಲ್ಲಿದ್ದಾಗಲೇ ಕೊಂಡುಬಿಡಬೇಕು. ಆಗ ಮೂರ್ಖತನಕ್ಕೆ ಒಂದು ಚಾರ್ಮ್ ಇರುತ್ತದೆ. ನಾವು ಕೊಳ್ಳಲು ಹೊರಟಿದ್ದು ರಿಟೈರ್‌ಮೆಂಟಿನ ಬಾಗಿಲಲ್ಲಿ, ಕ್ವಾರ್ಟರ್ಸ್ ಬಿಡಬೇಕಾಗಿ ಬಂದಾಗ. ಅದುವರೆಗೆ ನಲ್ಲಿ ಕೆಟ್ಟರೆ ಆಫೀಸಿಗೆ ಫೋನು, ಸುಣ್ಣ ಉದುರಿದರೆ ಆಫೀಸಿಗೆ ಫೋನು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮಿಂದ 'ಮೈ ಹೌಸ್' ಎಂಬ ಕಾಂಪೊಸಿಷನ್ ಬರೆಸುತ್ತಿದ್ದಾಗ ನಾನು ಒಂದು ಪುಟ್ಟ ಗೇಟು, ಗೇಟಿನ ಮೇಲೆ ಹಬ್ಬಿದ ಗುಲಾಬಿ, ಪಕ್ಕದ ಮನೆಯಲ್ಲಿ ಒಬ್ಬಳು ಬೆಸ್ಟ್ ಫ್ರೆಂಡ್ ಎಂದು ಬರೆದು ವೆರಿ ಗುಡ್ ಗಿಟ್ಟಿಸಿದ್ದೆ. ರೀಸೇಲ್ ವ್ಯಾಲ್ಯೂ ಬಗ್ಗೆ ಒಂದು ಪ್ಯಾರಾಗ್ರಾಫನ್ನೂ ಬರೆದಿರಲಿಲ್ಲ. ಸಿಸ್ಟರೂ ಕೇಳಿರಲಿಲ್ಲ.

ರೀಸೇಲ್ ಎಂಬ ಆ ಶಬ್ದವನ್ನು ನಮ್ಮ ಮನೆಗೆ ತಂದವನು ದಲ್ಲಾಳಿ ಕಿರೀಟ್‌ಭಾಯಿ. ಸ್ಕೂಟರಿನ ಮೇಲೆ ಬಂದು, ನನ್ನ ಫಿಲ್ಟರ್ ಕಾಫಿಯನ್ನು ಔಷಧಿಯಂತೆ ಕುಡಿದು, "ಸಾಹೇಬ್, ಮನೆ ತಗೊಳ್ಳೋವಾಗ ನಿಮ್ಮ ಕಣ್ಣಿಂದ ನೋಡಬೇಡಿ. ನಾಳೆ ಬರೋ ಪಾರ್ಟಿ ಕಣ್ಣಿಂದ ನೋಡಿ" ಎಂದ. ಪಾರ್ಟಿ ಎಂದರೆ ಮುಂದೊಂದು ದಿನ ನಮ್ಮಿಂದ ಆ ಮನೆಯನ್ನು ಕೊಳ್ಳಲಿರುವವನು. ಇನ್ನೂ ನಾವೇ ಕೊಂಡಿಲ್ಲ, ಆಗಲೇ ಅವನು ಕೊಳ್ಳಲು ಬಂದು ನಿಂತಿದ್ದ. ನಮ್ಮವರಿಗೆ ಈ ತತ್ವ ಎಷ್ಟು ಹಿಡಿಸಿತೆಂದರೆ ಅಂದಿನಿಂದ ನಮ್ಮ ಸಂಸಾರದಲ್ಲಿ ಮೂವರಾದೆವು: ಅವರು, ನಾನು ಮತ್ತು ಪಾರ್ಟಿ. ಪಾರ್ಟಿ ಗುಜರಾತಿ, ಶುದ್ಧ ಶಾಕಾಹಾರಿ, ಕೂಡುಕುಟುಂಬದವನು, ಎರಡು ಗಾಡಿ ಇಟ್ಟವನು. ಅವನಿಗೆ ಪೂರ್ವದ ಬಾಗಿಲು ಬೇಕು, ವರ್ಷದ ಗೋಧಿ ತುಂಬಿಡಲು ಸ್ಟೋರ್ ರೂಮ್ ಬೇಕು, ಹಾಲಿನಲ್ಲಿ ಉಯ್ಯಾಲೆ ತೂಗುಹಾಕಲು ಚಾವಣಿಗೆ ಕೊಕ್ಕೆ ಬೇಕು. ನನಗೆ ಏನು ಬೇಕು ಎಂಬುದಕ್ಕಿಂತ ಅವನಿಗೆ ಏನು ಬೇಕು ಎಂಬುದು ನಮ್ಮವರಿಗೆ ಎಷ್ಟೋ ಸ್ಪಷ್ಟವಾಗಿತ್ತು.

ನನಗೆ ಬೇಕಾಗಿದ್ದದ್ದು ಮಣಿನಗರದ ಒಂದು ಟೆನಮೆಂಟ್. ಕಾನ್ವೆಂಟ್ ಇಂಗ್ಲಿಷಿನಲ್ಲಿ ಟೆನಮೆಂಟ್ ಎಂದರೆ ಹೊಗೆ ಹಿಡಿದ ಬಡವರ ಕಟ್ಟಡ. ಅಹಮದಾಬಾದಿನಲ್ಲಿ ಸಾಲಾಗಿ ಅಂಟಿಕೊಂಡ, ಮುಂದೆ ಜಗಲಿ ಹಿಂದೆ ಅಂಗಳ ಇರುವ ಚೊಕ್ಕ ಮನೆಗೆ ಹಾಗೆನ್ನುತ್ತಾರೆ. ಅಂಥ ಸಾಲಿನ ಒಂದರಲ್ಲಿ ಹಂಸಾಬೆನ್ ಇದ್ದರು. ನಾನು ಇಂಗ್ಲಿಷ್ ಕಲಿಸುತ್ತಿದ್ದ ಶಾಲೆಯಲ್ಲೇ ಅವರು ಮ್ಯಾಥ್ಸ್ ಕಲಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕದ ಕುರ್ಚಿ, ಮನೆಗೆ ಬರುವಾಗ ಒಂದೇ ಆಟೋ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾವಿಬ್ಬರೂ ಆಡುತ್ತಿದ್ದ ಭಾಷೆಗೆ ಹೆಸರಿಲ್ಲ: ಅವರ ಗುಜರಾತಿ, ನನ್ನ ಇಂಗ್ಲಿಷು, ಇಬ್ಬರಿಗೂ ಸರಿಯಾಗಿ ಬಾರದ ಹಿಂದಿ. ನಾನು ಅದರಲ್ಲಿ ಎಷ್ಟು ಹಗುರವಾಗಿ ಮಾತಾಡುತ್ತಿದ್ದೆನೋ ಕನ್ನಡದಲ್ಲೂ ಹಾಗೆ ಆಡಿದ್ದು ನೆನಪಿಲ್ಲ. ಅವರ ಪಕ್ಕದ ಮನೆ ಮಾರಾಟಕ್ಕೆ ಬಂದಾಗ ಹಂಸಾಬೆನ್ ಸ್ಟಾಫ್ ರೂಮಿಗೆ ಓಡಿಬಂದು, "ಸರೋಜ್‌ಬೆನ್, ಇನ್ನು ಆಟೋ ಖರ್ಚು ಉಳೀತು. ರಿಟೈರ್ ಆದಮೇಲೆ ಬೆಳಗಿನ ಚಹಾ ನನ್ನ ಜಗಲೀಲಿ, ಸಂಜೆ ಕಾಫಿ ನಿಮ್ಮದರಲ್ಲಿ" ಎಂದು ಟೈಮ್‌ಟೇಬಲ್ ಹಾಕಿಬಿಟ್ಟರು.

ಭಾನುವಾರ ನಮ್ಮವರನ್ನು ಕರೆದುಕೊಂಡು ಹೋದೆ. ನೆಲಮಟ್ಟದ ಮನೆ, ಆದ್ದರಿಂದ ಭೂಕಂಪದ ನೆಪ ಹೇಳುವಂತಿರಲಿಲ್ಲ. ಆದರೂ ಅಭ್ಯಾಸಬಲದಿಂದ ನಡುಮನೆಯ ಗೋಡೆಗೆ ಟಕ್ ಟಕ್ ಟಕ್ ಎಂದರು. ಆ ಕಡೆಯಿಂದ ಟಕ್ ಟಕ್ ಟಕ್ ಎಂದು ಉತ್ತರ ಬಂತು. ಜೊತೆಗೆ ಹಂಸಾಬೆನ್ ದನಿ: "ಬಾಗಿಲು ಈಚೆಗಿದೆ ಸಾಹೇಬ್! ಚಹಾ ಆಗಿದೆ, ಗೋಡೆ ಒಡೆದು ಬರೋ ತೊಂದರೆ ತಗೋಬೇಡಿ!"

ನಾನು ನಕ್ಕು ನಕ್ಕು ಸುಸ್ತಾದೆ. ನಮ್ಮವರು ನಗಲಿಲ್ಲ. ಆಟೋದಲ್ಲಿ ಕೂತಮೇಲೆ, "ನೋಡಿದ್ಯಾ ಸರೋಜಾ? ಕಾಮನ್ ವಾಲ್. ಪ್ರೈವಸಿ ಇಲ್ಲ. ಪಾರ್ಟಿ ಬಂದು ಒಂದು ಸಲ ಬಡಿದು ನೋಡಿದ ಅಂದ್ರೆ ಮುಗೀತು ಕತೆ" ಎಂದರು.

"ಪಾರ್ಟಿ ಬಡೀತಾನೋ ಇಲ್ವೋ. ಬಡೀತಿರೋರು ನೀವು."

"ತಮಾಷೆ ಅಲ್ಲ ಕಣೇ. ಹಳೇ ಏರಿಯಾ. ರೈಲ್ವೆ ಸ್ಟೇಷನ್ ಗದ್ದಲ. ಊರು ಬೆಳೀತಿರೋದು ಪಶ್ಚಿಮಕ್ಕೆ. ಮಣಿನಗರದಲ್ಲಿ ಹಾಕಿದ ದುಡ್ಡು ಮಲಗಿದ ಹಾಗೇ ಇರತ್ತೆ."

"ಮಲಗಲಿ ಬಿಡಿ. ನಾವೂ ರಿಟೈರ್ ಆಗ್ತಿದ್ದೀವಿ, ಅದೂ ಸ್ವಲ್ಪ ಮಲಗಲಿ" ಎಂದೆ. ಆಟೋದವನು ಕನ್ನಡ ತಿಳಿಯದಿದ್ದರೂ ಕನ್ನಡಿಯಲ್ಲಿ ನನ್ನನ್ನೇ ನೋಡಿ ನಕ್ಕ.

ಅಲ್ಲಿಂದ ಶುರುವಾಯಿತು ನಮ್ಮ ಗುಜರಾತ್ ದರ್ಶನ. ಆ ದಿನಗಳಲ್ಲಿ ಊರು ಎರಡು ಸಲ ನಡುಗಿತು. ಮೊದಲು ಭೂಮಿ ನಡುಗಿಸಿತು, ಮರುವರ್ಷ ಗಲಭೆಯಲ್ಲಿ ಮನುಷ್ಯರು. ಎರಡನೆಯದನ್ನು ಮನೆ ನೋಡುವವರು ಬಾಯಿಬಿಟ್ಟು ಕೇಳುತ್ತಿರಲಿಲ್ಲ. "ನೈಬರ್‌ಹುಡ್ ಹೇಗೆ?" ಎನ್ನುತ್ತಿದ್ದರು. ಕಿರೀಟ್‌ಭಾಯಿ ದನಿ ತಗ್ಗಿಸಿ ಉತ್ತರ ಕೊಡುತ್ತಿದ್ದ, ನಮ್ಮವರು ನೆಲ ನೋಡುತ್ತಿದ್ದರು, ನಾನು ಕಿಟಕಿ ನೋಡುತ್ತಿದ್ದೆ. ಆಗ ನಮ್ಮವರಿಗೆ ಊರೇ ಬೇಡವೆನಿಸಿ, ಯಾರೋ ಹೇಳಿದರೆಂದು ವಡೋದರಾಕ್ಕೆ ಹೋದೆವು. ಅಗಲವಾದ ರಸ್ತೆ, ಆಲದ ಮರಗಳು, ಹದವಾಗಿ ಮಾತಾಡುವ ಜನ. ಮೈಸೂರಿನ ತಂಗಿಯಂತಿದ್ದ ಆ ಊರು ನನಗೆ ಒಂದೇ ಗಳಿಗೆಯಲ್ಲಿ ಹಿಡಿಸಿತು. ಅದೇ ಅದರ ದೋಷವಾಯಿತು. "ಇಲ್ಲಿ ಇರೋಕೆ ಬರೋರೇ ಎಲ್ಲ. ಮಾರೋರಿಲ್ಲ, ಕೊಳ್ಳೋರಿಲ್ಲ. ಮಾರ್ಕೆಟ್ಟೇ ಸ್ಲೋ" ಎಂದು ನಮ್ಮವರು ಸಂಜೆಯ ರೈಲಿಗೇ ಹೊರಡಿಸಿದರು.

ಸೂರತ್ತಿನಲ್ಲಿ ನಮ್ಮವರ ಅಕ್ಕನ ಮಗ ರಘು ಇದ್ದ. ಊರಾಚೆ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಇನ್ನೂ ಮದುವೆಯಾಗದವನು, ಮೂರು ಹುಡುಗರ ಜೊತೆ ಬಾಡಿಗೆ ಫ್ಲ್ಯಾಟಿನಲ್ಲಿ ಉಪ್ಪಿಟ್ಟು ಮಾಡಿಕೊಂಡಿದ್ದ. "ಮಾವ, ಸೂರತ್ತಲ್ಲಿ ಏನು ತಗೊಂಡ್ರೂ ಕಣ್ಮುಚ್ಚಿ ತೆಗೆಯೋದ್ರೊಳಗೆ ಮಾರಿಹೋಗತ್ತೆ" ಎಂದ. ಸಚಿನ್‌ನಲ್ಲಿ ಇಳಿದ ಕೂಡಲೇ ನನ್ನ ಕಣ್ಣು ಮುಚ್ಚಿದ್ದು ನಿಜ. ಗಾಳಿಯೇ ಹಾಗಿತ್ತು. "ಮೂಗು ಎರಡು ದಿನದಲ್ಲಿ ಅಡ್ಜಸ್ಟ್ ಆಗತ್ತೆ ಅತ್ತೆ. ನಾನೀಗ ಊರಿಗೆ ಹೋದ್ರೆ ಅಲ್ಲಿನ ಗಾಳೀಲಿ ಏನೋ ಕಮ್ಮಿ ಅನ್ಸತ್ತೆ" ಎಂದು ಸಮಾಧಾನ ಹೇಳಿದ. ಅಲ್ಲಿಂದ ಊರೊಳಗಿನ ವರಾಛಾ ಬಡಾವಣೆಗೆ ಕರೆದೊಯ್ದ. ಹೊಸ ಕಟ್ಟಡ, ಮಾರ್ಬಲ್ ಮೆಟ್ಟಿಲು. ಆದರೆ ನಾವು ನಿಂತ ನೆಲ ಸಣ್ಣಗೆ ಜುಂಯ್ ಎನ್ನುತ್ತಿತ್ತು. ನಮ್ಮವರು ಭೂಕಂಪವೆಂದು ನನ್ನ ಕೈ ಹಿಡಿದು ಬಾಗಿಲಿಗೆ ಓಡಿದರು. ನೋಡಿದರೆ ಕೆಳಗಿನ ಎರಡು ಮಹಡಿಗಳಲ್ಲಿ ಸಾಲುಸಾಲು ಹುಡುಗರು ಬಗ್ಗಿ ಕೂತು ಚಕ್ರಗಳ ಮೇಲೆ ವಜ್ರ ಉಜ್ಜುತ್ತಿದ್ದರು. ನಾಚಿಕೆಯಿಂದ ನಮ್ಮವರು ಕೈ ಬಿಟ್ಟರು. ನನಗೆ ಮಾತ್ರ ಬಹಳ ವರ್ಷದ ಮೇಲೆ ಹಿಡಿದ ಕೈ, ಇನ್ನೂ ಸ್ವಲ್ಪ ನಡುಗಬಾರದಿತ್ತೆ ಕಟ್ಟಡ ಎನ್ನಿಸಿತು.

ನಡುಗುವ ನೆಲ ಪಾರ್ಟಿಗೆ ಹಿಡಿಸದೆಂದು ಸೂರತ್ತನ್ನೂ ಬಿಟ್ಟು, ಕೊನೆಗೆ ಕೊಂಡದ್ದು ಅಹಮದಾಬಾದಿನ ಪಶ್ಚಿಮದ ತುದಿಯಲ್ಲಿ, ಬೋಪಲ್ ಕಡೆ, ನಾಲ್ಕನೆಯ ಮಹಡಿ. ಸುತ್ತ ಜಾಲಿಗಿಡ, ಎಮ್ಮೆ, ಮತ್ತು ಬರಲಿರುವ ಭವಿಷ್ಯದ ಬೋರ್ಡುಗಳು. ನಾನು ಮುಖ ಊದಿಸಿಕೊಂಡಿದ್ದನ್ನು ಕಂಡು ನಮ್ಮವರು ಮೆತ್ತಗಾದರು. "ಮೂರೇ ವರ್ಷ, ಸರೋಜಾ. ಹಾಸ್ಟೆಲ್ ಅಂದ್ಕೋ. ಮಾರಿ ಬರೋ ದುಡ್ಡಲ್ಲಿ ಮಣಿನಗರದಲ್ಲಿ ನಿನ್ನ ಫ್ರೆಂಡ್ ಪಕ್ಕದಲ್ಲೇ ಯಾವುದಾದ್ರೂ ತೆಗೆದುಕೊಡ್ತೀನಿ. ಪ್ರಾಮಿಸ್." ಅವರು ಸುಳ್ಳಾಡುವವರಲ್ಲ. ಆ ಮಾತು ಆಡುವಾಗ ಅವರ ಕಣ್ಣಲ್ಲಿ ನಿಜವಾದ ಪ್ರೀತಿಯಿತ್ತು. ಅದಕ್ಕೇ ನಾನು ನಂಬಿದೆ. ಹಂಸಾಬೆನ್‌ಗೂ ಅದನ್ನೇ ಹೇಳಿದೆ. ಅವರು ಮ್ಯಾಥ್ಸ್ ಟೀಚರ್. ಬೆರಳು ಮಡಿಸಿ ಎಣಿಸಿ, "ಮೂರು ವರ್ಷಕ್ಕೆ ನನಗೆಷ್ಟು ವಯಸ್ಸಾಗತ್ತೆ ಅಂತ ಲೆಕ್ಕ ಹಾಕ್ತಿದ್ದೆ. ಪರವಾಗಿಲ್ಲ, ಲೆಕ್ಕ ಸರಿ ಬರುತ್ತೆ" ಎಂದರು. ಆಮೇಲೆ, "ಆ ನಿಮ್ಮ ಪಾರ್ಟಿಗೆ ಊಟಕ್ಕೆ ಏನಿಷ್ಟ? ಬೇಗ ಬರೋ ಹಾಗೆ ನಾನೇ ಢೋಕ್ಲಾ ಮಾಡಿಟ್ಟಿರ್ತೀನಿ" ಎಂದರು.

ಹೀಗೆ ನಾವು ಪಾರ್ಟಿಯ ಮನೆಯಲ್ಲಿ ವಾಸ ಶುರುಮಾಡಿದೆವು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಪಾರ್ಟಿಗೆ ತೂತು ಕಂಡೀತು. ಅಪ್ಪ ಅಮ್ಮನ ಫೋಟೋ ಸೋಫಾದ ಮೇಲೆ ಅತಿಥಿಗಳಂತೆ ಕೂತಿದ್ದವು, ಯಾರಾದರೂ ಬಂದರೆ ಎದ್ದು ಜಾಗ ಕೊಡುತ್ತಿದ್ದವು. ಒಗ್ಗರಣೆಯ ಹೊಗೆ ಚಾವಣಿಗೆ ತಾಗೀತೆಂದು ಸಾರಿಗೆ ಒಗ್ಗರಣೆಯನ್ನು ಬಾಲ್ಕನಿಯಲ್ಲಿ ಕೊಟ್ಟದ್ದೂ ಉಂಟು. ಹಾಲಿನ ನಡುವೆ ಉಯ್ಯಾಲೆಯ ಕೊಕ್ಕೆ ಬರಿದಾಗಿ ತೂಗುತ್ತಿತ್ತು. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಿದೆ, ಕೊಕ್ಕೆ ಸವೆದೀತೆಂದು ನಮ್ಮವರು ಇಳಿಸಿದರು. ಗೋಧಿಯ ಸ್ಟೋರ್ ರೂಮಿನಲ್ಲಿ ಅನ್ನ ತಿನ್ನುವ ನಮ್ಮ ಎರಡು ಸೂಟ್‌ಕೇಸುಗಳು, ಇನ್ನೇನು ಹೊರಡುವವರಂತೆ, ಬೆಲ್ಟು ಬಿಗಿದುಕೊಂಡು ನಿಂತಿದ್ದವು.

ಮಣಿನಗರಕ್ಕೆ ಹೋಗಲು ಲಾಲ್ ದರವಾಜಾದಲ್ಲಿ ಬಸ್ಸು ಬದಲಿಸಬೇಕು. ಶಾಲೆಯಿಂದ ಇಬ್ಬರೂ ರಿಟೈರ್ ಆದಮೇಲೆ ಮೊದಲು ವಾರಕ್ಕೊಮ್ಮೆ ಹೋದೆ. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಮೊಣಕಾಲು ನೋವು, ಬಿಸಿಲು, ಲೈಟು ಬಿಲ್ಲು, ಏನಾದರೊಂದು. ಫೋನಿನಲ್ಲಿ ಹಂಸಾಬೆನ್ ಪ್ರತಿ ಸಲ ಒಂದೇ ಪ್ರಶ್ನೆ: "ಪಾರ್ಟಿ ಆವೀ?" ಬಂದನೇ ನಿಮ್ಮ ಪಾರ್ಟಿ? ಒಂದು ಸಲ ಅವರೇ ಹೇಳಿದರು, ಪಕ್ಕದ ಮನೆಗೆ ಜ್ಯೋತಿಬೆನ್ ಎಂಬಾಕೆ ಬಂದಿದ್ದಾಳೆ, ಖಾಖರಾ ಎಂಬ ಗರಿಗರಿ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತಾಳೆ, ಒಳ್ಳೆಯವಳು ಎಂದು. "ಗುಡ್, ವೆರಿ ಗುಡ್" ಎಂದು ಇಂಗ್ಲಿಷಿನಲ್ಲಿ ಸಂತೋಷಪಟ್ಟೆ. ನನಗೆ ಹೊಟ್ಟೆಯುರಿ ಬಂದಾಗ ಇಂಗ್ಲಿಷ್ ಹೆಚ್ಚಾಗುತ್ತದೆ.

ಮೂರು ವರ್ಷವಾಯಿತು. ಪಾರ್ಟಿ ಬಂದ! ಕಿರೀಟ್‌ಭಾಯಿ ಹೇಳಿದಂತೆಯೇ ಇದ್ದ: ಗುಜರಾತಿ, ಕೂಡುಕುಟುಂಬ, ಎರಡು ಗಾಡಿ. ಕೊಕ್ಕೆ ನೋಡಿ ಅವನ ತಾಯಿ ಕೈಮುಗಿದರು. ನಾನು ಅವರ ಮುಂದೆ ಖುಷಿಯಿಂದ ಕಾಫಿಯನ್ನೇ ಇಟ್ಟೆ. ಅವರು ಹೇಳಿದ ಬೆಲೆ ಕೇಳಿ ನಮ್ಮವರ ಮುಖ ಅರಳಿತು, ಅರಳಿದ್ದು ನಿಧಾನವಾಗಿ ಗಂಭೀರವಾಯಿತು. ಅವರು ಹೋದಮೇಲೆ, "ಈಗಲೇ ಇಷ್ಟು ಅಂದ್ರೆ ಇನ್ನೆರಡು ವರ್ಷಕ್ಕೆ? ಈಗ ಮಾರೋನು ಮೂರ್ಖ" ಎಂದರು.

"ನೀವು ಪ್ರಾಮಿಸ್ ಮಾಡಿದ್ರಿ."

"ಪ್ರಾಮಿಸ್ ಇದ್ದೇ ಇದೆ ಕಣೇ. ಅದರ ವ್ಯಾಲ್ಯೂನೂ ಏರತ್ತೆ."

ಬೆಲೆ ಬಿದ್ದರೆ ನಷ್ಟವಾಗುತ್ತದೆಂದು ಮಾರುವಂತಿಲ್ಲ, ಏರಿದರೆ ಇನ್ನೂ ಏರುತ್ತದೆಂದು ಮಾರುವಂತಿಲ್ಲ. ಈಗಲೂ ನಾವು ಅಲ್ಲೇ ಇದ್ದೇವೆ. ಹೊರಗೆ ಎಮ್ಮೆಗಳು ಹೋಗಿ ಮಾಲ್‌ಗಳು ಬಂದಿವೆ. ನಮ್ಮವರು ಶನಿವಾರದ ಪ್ರಾಪರ್ಟಿ ಪೇಜ್ ಓದಿ, "ಸರೋಜಾ, ನಾವು ಎಷ್ಟು ಶ್ರೀಮಂತರು ಗೊತ್ತಾ?" ಎನ್ನುತ್ತಾರೆ. ನಾನು ಸೋಫಾದಿಂದ ಅಪ್ಪ ಅಮ್ಮನನ್ನು ಎತ್ತಿ ಧೂಳು ಒರೆಸುತ್ತೇನೆ.

ಹಂಸಾಬೆನ್‌ರನ್ನು ನಾನು ಕೊನೆಯ ಸಲ ನೋಡಿದ್ದು ಆ ಪಾರ್ಟಿ ಬಂದುಹೋದ ಮಾರನೆಯ ವಾರ. ಮಾರುವುದಿಲ್ಲ ಎಂಬುದನ್ನು ಫೋನಿನಲ್ಲಿ ಹೇಳಲಾರದೆ ಬಸ್ಸು ಹತ್ತಿದ್ದೆ. ಅವರು ಬಹಳ ಸಣ್ಣಗಾಗಿದ್ದರು. ಕಣ್ಣು ಮಂಜು, ಎದೆಯಲ್ಲಿ ನೀರಂತೆ, ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದಾರಂತೆ. "ಸದ್ಯ, ನಾಲ್ಕನೇ ಮಹಡಿ ತಗೊಂಡೋರು ನೀವು, ನಾನಲ್ಲ" ಎಂದು ನಕ್ಕರು. ಸುದ್ದಿ ಹೇಳಿದೆ. ಅವರು ನನ್ನ ಕೈಯನ್ನು ಎರಡು ಸಲ ತಟ್ಟಿ, ಬೆಲೆ ಒಳ್ಳೆಯದು ಬಂತಲ್ಲ ಎಂದು ನನಗೇ ಸಮಾಧಾನ ಹೇಳಿದರು. ಸಂಜೆಯಾಗುತ್ತಿತ್ತು. ಹಿಂದಿನ ಅಂಗಳದಿಂದ "ಮಾಸೀ, ರೊಟ್ಲಿ ತಣ್ಣಗಾಗ್ತಿದೆ! ಬೆನ್‌ನೂ ಕರ್ಕೊಂಡು ಬನ್ನಿ" ಎಂದು ಜ್ಯೋತಿಬೆನ್ ಕೂಗಿದಳು. ಹೋಗಿ ನೋಡಿದರೆ, ಎರಡು ಮನೆಗಳ ಅಂಗಳದ ನಡುವಿನ ಕಾಂಪೌಂಡನ್ನು ಒಬ್ಬರು ದಾಟುವಷ್ಟು ಅಗಲಕ್ಕೆ ಒಡೆದುಹಾಕಿದ್ದರು. ಬೀದಿ ಸುತ್ತಿ ಬರಲು ಹಂಸಾಬೆನ್‌ಗೆ ಆಗುವುದಿಲ್ಲವೆಂದು ಜ್ಯೋತಿಬೆನ್ನೇ ಒಡೆಸಿದ್ದಂತೆ. ಇಟ್ಟಿಗೆಯ ಅಂಚಿಗೆ ಗಾರೆ ಕೂಡ ಮೆತ್ತಿರಲಿಲ್ಲ.

ಆಗ ನಾನು ಏನು ಹೇಳಬೇಕಾಗಿತ್ತೋ ಗೊತ್ತಿಲ್ಲ. ಹೇಳಿದ್ದು ಇದು: "ಅಯ್ಯೋ, ಹೀಗೆ ಒಡೆದರೆ ಎರಡು ಮನೆಗೂ ಪಾರ್ಟಿ ಸಿಗೋದಿಲ್ಲವಲ್ಲ!"

ಹಂಸಾಬೆನ್ ತಿರುಗಿ ನನ್ನನ್ನು ನೋಡಿದರು. ಮುಖದಲ್ಲಿ ಬೇಸರವಿರಲಿಲ್ಲ, ಹಳೆಯ ಸ್ಟಾಫ್ ರೂಮಿನ ತುಂಟತನವೇ ಇತ್ತು. "ಮಾರೋರು ಯಾರು, ಸರೋಜ್‌ಬೆನ್?" ಎಂದರು. ಊಟಕ್ಕೆ ನಿಲ್ಲಿ ಎಂದು ಇಬ್ಬರೂ ಕರೆದರು. ಲಾಲ್ ದರವಾಜಾದಿಂದ ನಮ್ಮ ಕಡೆಯ ಬಸ್ಸು ತಪ್ಪುತ್ತದೆ ಎಂದೆ. ಹಂಸಾಬೆನ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಡೆದ ಇಟ್ಟಿಗೆಗೆ ಕೈಕೊಟ್ಟು, ಮೊದಲು ಬಲಗಾಲು, ಆಮೇಲೆ ಎಡಗಾಲು ಎತ್ತಿಟ್ಟು, ನಾನು ಕೊಳ್ಳದ ಮನೆಯೊಳಕ್ಕೆ ಊಟಕ್ಕೆ ಹೋದರು.